ಆಶ್ರಯ ಕೋರಿಕೆಗಳ ನಿರ್ಣಯದಲ್ಲಿ ವಿಳಂಬ: ಕಾರಣಗಳು ಮತ್ತು ಕಾಯುವಿಕೆಯ ಪರಿಣಾಮಗಳು

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಸ್ವದೇಶದಲ್ಲಿ ಜೀವಕ್ಕೆ ಅಪಾಯವೊದಗಿ ಅನ್ಯ ದೇಶವನ್ನು ಸೇರಿದ ವ್ಯಕ್ತಿಯು ಅಲ್ಲಿ ರಕ್ಷಣೆ ಬೇಡುವುದನ್ನು ಆಶ್ರಯ ಕೋರಿಕೆ ಎನ್ನಲಾಗುತ್ತದೆ. ಈ ಕೋರಿಕೆಗಳು ಅನೇಕ ಸಂದರ್ಭಗಳಲ್ಲಿ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿಯುತ್ತವೆ. ವಿಳಂಬಕ್ಕೆ ಕಾರಣಗಳೇನು, ಕಾಯುತ್ತಿರುವವರ ಬದುಕಿನ ಮೇಲೆ ಅದರ ಪರಿಣಾಮವೇನು, ಈ ಅವಧಿಯಲ್ಲಿ ಅರ್ಜಿದಾರರೂ ಸ್ಥಳೀಯ ನಾಗರಿಕರೂ ಗಮನಿಸತಕ್ಕ ಅಂಶಗಳು ಯಾವುವು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ವಿಶೇಷ ಸೂಚನೆ: ವಸತಿರಹಿತರಿಗೆ ನಿವೇಶನ ಹಾಗೂ ಮನೆ ಒದಗಿಸುವ ರಾಜ್ಯ ಸರ್ಕಾರದ ಆಶ್ರಯ ಯೋಜನೆಗೂ ಇಲ್ಲಿನ ವಿಷಯಕ್ಕೂ ಸಂಬಂಧವಿರುವುದಿಲ್ಲ. ಮನೆ ಮಂಜೂರಾತಿಗೆ ಸಂಬಂಧಿಸಿದ ಅರ್ಜಿದಾರರು ತಮ್ಮ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸತಕ್ಕದ್ದು.

2. ಪದಗಳ ಅರ್ಥ

ಆಶ್ರಯಾಕಾಂಕ್ಷಿ: ರಕ್ಷಣೆ ಕೋರಿ ಅರ್ಜಿ ಸಲ್ಲಿಸಿದ್ದು, ಅದರ ಮೇಲೆ ಅಂತಿಮ ನಿರ್ಣಯ ಇನ್ನೂ ಆಗದ ವ್ಯಕ್ತಿ.

ನಿರಾಶ್ರಿತ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವ ಕಾರಣದಿಂದ ಕಿರುಕುಳಕ್ಕೊಳಗಾಗುವ ಸಕಾರಣ ಭೀತಿಯುಳ್ಳವನೆಂದು ಅಂಗೀಕೃತನಾದ ವ್ಯಕ್ತಿ. ಈ ಅರ್ಥನಿರೂಪಣೆಯು 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಯದು.

ವಲಸಿಗ: ಉದ್ಯೋಗ, ವಿದ್ಯಾಭ್ಯಾಸ ಮುಂತಾದ ಕಾರಣಗಳಿಗಾಗಿ ಸ್ಥಳಾಂತರಗೊಂಡ ವ್ಯಕ್ತಿ. ಬರಗಾಲದಲ್ಲಿ ನಮ್ಮ ಜಿಲ್ಲೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೋಗುವವರು ವಲಸಿಗರೇ ಹೊರತು ಈ ಅರ್ಥದಲ್ಲಿ ನಿರಾಶ್ರಿತರಲ್ಲ.

3. ಭಾರತದಲ್ಲಿ ನಿರ್ಣಯ ಕೈಗೊಳ್ಳುವವರು ಯಾರು?

ಭಾರತವು 1951ರ ಒಡಂಬಡಿಕೆಗಾಗಲಿ 1967ರ ಅದರ ಪೂರಕ ಒಪ್ಪಂದಕ್ಕಾಗಲಿ ಸಹಿ ಹಾಕಿರುವುದಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ದೇಶದಲ್ಲಿ ಇಲ್ಲ. ವಿದೇಶಿಯರ ಪ್ರವೇಶ, ವಾಸ್ತವ್ಯ ಮತ್ತು ನಿರ್ಗಮನಗಳು ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025ರ ಅಧೀನಕ್ಕೆ ಒಳಪಟ್ಟಿವೆ. ಸೆಪ್ಟೆಂಬರ್ 2025ರಿಂದ ಜಾರಿಗೆ ಬಂದ ಈ ಅಧಿನಿಯಮವು 1946ರ ವಿದೇಶಿಯರ ಅಧಿನಿಯಮ ಹಾಗೂ 1939ರ ವಿದೇಶಿಯರ ನೋಂದಣಿ ಅಧಿನಿಯಮಗಳನ್ನೂ ಒಳಗೊಂಡು ಹಳೆಯ ನಾಲ್ಕು ಕಾನೂನುಗಳ ಸ್ಥಾನವನ್ನು ಪಡೆದಿದೆ.

ಕಾರ್ಯತಃ ಎರಡು ಮಾರ್ಗಗಳಿವೆ.

(ಅ) ಟಿಬೆಟ್ ಮತ್ತು ಶ್ರೀಲಂಕಾದಿಂದ ಬಂದವರ ವಿಷಯವನ್ನು ಭಾರತ ಸರ್ಕಾರವೇ ನೇರವಾಗಿ ನಿರ್ವಹಿಸುತ್ತದೆ.

(ಆ) ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಮುಂತಾದ ದೇಶಗಳಿಂದ ಬಂದವರ ಅರ್ಜಿಗಳನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು ನೋಂದಾಯಿಸಿ, ಸಂದರ್ಶನ ನಡೆಸಿ ನಿರ್ಣಯಿಸುತ್ತದೆ. ಆದರೆ ಆ ಕಚೇರಿಯು ನೀಡುವ ಗುರುತಿನ ಚೀಟಿಯು ವೀಸಾ ಅಲ್ಲ. ವಾಸ್ತವ್ಯದ ಅನುಮತಿಯನ್ನು ನೀಡುವ ಅಧಿಕಾರವು ಕೇಂದ್ರ ಗೃಹ ಸಚಿವಾಲಯಕ್ಕೆ ಮಾತ್ರ ಸೇರಿದೆ.

ನಿರಾಶ್ರಿತರೆಂದು ಹೇಳಿಕೊಳ್ಳುವ ವಿದೇಶಿಯರ ಬಗ್ಗೆ ಅನುಸರಿಸಬೇಕಾದ ಕ್ರಮವನ್ನು ಗೃಹ ಸಚಿವಾಲಯವು ಡಿಸೆಂಬರ್ 2011ರಲ್ಲಿ ಎಲ್ಲ ರಾಜ್ಯಗಳಿಗೆ ತಿಳಿಸಿತು. ಮೇಲ್ನೋಟಕ್ಕೆ ಕೋರಿಕೆ ಸಮರ್ಥನೀಯವೆಂದು ಕಂಡುಬಂದಲ್ಲಿ ಭದ್ರತಾ ಪರಿಶೀಲನೆಯ ನಂತರ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಬಹುದೆಂದೂ, ಅಂತಹ ವೀಸಾ ಪಡೆದವರು ಖಾಸಗಿ ಕ್ಷೇತ್ರದಲ್ಲಿ ಉದ್ಯೋಗ ಮಾಡಬಹುದು ಮತ್ತು ವಿದ್ಯಾಸಂಸ್ಥೆಗಳಲ್ಲಿ ಓದಬಹುದೆಂದೂ ಅದರಲ್ಲಿ ತಿಳಿಸಲಾಗಿತ್ತು.

ಜಿಲ್ಲಾ ಮಟ್ಟದಲ್ಲಿ ಸಾಮಾನ್ಯವಾಗಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರೇ ವಿದೇಶಿಯರ ನೋಂದಣಿ ಅಧಿಕಾರಿಯಾಗಿರುತ್ತಾರೆ. ತಾಲ್ಲೂಕು ಕಚೇರಿ, ನಾಡಕಚೇರಿ ಅಥವಾ ಗ್ರಾಮ ಪಂಚಾಯಿತಿಗಳಿಗೆ ಈ ವಿಷಯದಲ್ಲಿ ನಿರ್ಣಯಾಧಿಕಾರ ಇರುವುದಿಲ್ಲ.

4. ಕರ್ನಾಟಕದ ಅನುಭವ

ನಿರಾಶ್ರಿತರಿಗೆ ನೆಲೆಯಿತ್ತ ರಾಜ್ಯಗಳಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನವಿದೆ. ಈ ಇತಿಹಾಸದಲ್ಲಿ ಚಿತ್ರದುರ್ಗಕ್ಕೂ ಒಂದು ಸಂಬಂಧವಿದೆ. ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ನಡೆಸಿ, ಮುಂದೆ 1956–58 ಮತ್ತು 1962–68ರ ಅವಧಿಗಳಲ್ಲಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು ಟಿಬೆಟನ್ನರ ಪುನರ್ವಸತಿಗೆ ನೀಡಿದ ಬೆಂಬಲವನ್ನು ದಲೈ ಲಾಮಾ ಅವರು ಹಲವು ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ನಿಜಲಿಂಗಪ್ಪನವರ ಸ್ಮಾರಕವು ಚಿತ್ರದುರ್ಗದ ಸಮೀಪ ಸೀಬಾರದಲ್ಲಿದೆ.

ಟಿಬೆಟನ್ನರು: 1959ರ ನಂತರ ಭಾರತಕ್ಕೆ ಬಂದವರಿಗಾಗಿ 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಪ್ರದೇಶದಲ್ಲಿ ಮೊದಲ ನೆಲೆ ಆರಂಭವಾಯಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, ಅನಂತರ ಬೈಲಕುಪ್ಪೆಯಲ್ಲೇ ಎರಡನೆಯ ನೆಲೆ, ಹುಣಸೂರು ಮತ್ತು ಕೊಳ್ಳೇಗಾಲ ಭಾಗಗಳ ನೆಲೆಗಳು ಸ್ಥಾಪನೆಗೊಂಡವು. ಇಲ್ಲಿ ಭೂಮಿ, ಶಾಲೆ, ಆಸ್ಪತ್ರೆಗಳು ಬೇಗನೆ ದೊರೆತವು. ಕಾನೂನಿನ ಸ್ಥಾನಮಾನ ಮಾತ್ರ ಬಹುಕಾಲ ಅಸ್ಪಷ್ಟವಾಗಿಯೇ ಉಳಿಯಿತು. ನೆಲೆಗಳ ಭೂಮಿಯ ಗುತ್ತಿಗೆ ಹಾಗೂ ಸರ್ಕಾರಿ ಸೌಲಭ್ಯಗಳ ಬಗ್ಗೆ ಏಕರೂಪದ ಪುನರ್ವಸತಿ ನೀತಿ ಪ್ರಕಟವಾದದ್ದು 2014ರಲ್ಲಿ, ಅಂದರೆ ಮೊದಲ ನೆಲೆ ಆರಂಭವಾಗಿ ಅರ್ಧ ಶತಮಾನ ಕಳೆದ ಮೇಲೆ.

ಶ್ರೀಲಂಕಾದಿಂದ ಮರಳಿದವರು: 1964ರ ಅಕ್ಟೋಬರ್‌ನ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಚಹಾ ತೋಟಗಳ ಭಾರತೀಯ ಮೂಲದ ತಮಿಳು ಕಾರ್ಮಿಕರ ಪೈಕಿ 5.25 ಲಕ್ಷ ಜನರನ್ನು ಭಾರತವೂ 3 ಲಕ್ಷ ಜನರನ್ನು ಶ್ರೀಲಂಕಾವೂ ಸ್ವೀಕರಿಸಬೇಕಾಗಿತ್ತು. ಉಳಿದ 1.5 ಲಕ್ಷ ಜನರ ಹಂಚಿಕೆ ತೀರ್ಮಾನವಾಗಲು 1974ರವರೆಗೆ ಕಾಯಬೇಕಾಯಿತು. ಹೀಗೆ ಬಂದ ಅನೇಕ ಕುಟುಂಬಗಳು ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ತಾಲ್ಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಂಡವು. ದ್ವೀಪದಲ್ಲೇ ಉಳಿದವರ ಪೌರತ್ವದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದದ್ದು 2003ರಲ್ಲಿ ಶ್ರೀಲಂಕಾ ಸಂಸತ್ತು ಕಾನೂನು ಮಾಡಿದ ಮೇಲೆ.

ಸಿಂಧನೂರಿನ ಬಂಗಾಳಿಗಳು: ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಶಿಬಿರಗಳನ್ನು ಕಲ್ಪಿಸಲಾಯಿತು. ತಡವಾಗಿ ಬಂದವರ ಪೌರತ್ವ ದೀರ್ಘಕಾಲ ಅನಿಶ್ಚಿತವಾಗಿತ್ತು. ಪೌರತ್ವ (ತಿದ್ದುಪಡಿ) ಅಧಿನಿಯಮವು ಡಿಸೆಂಬರ್ 2019ರಲ್ಲಿ ಅಂಗೀಕಾರವಾದರೂ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ರಂದು. ಆ ಬಳಿಕವೇ ಅರ್ಜಿಗಳ ಸ್ವೀಕಾರ ಸಾಧ್ಯವಾಗಿ, ಸಿಂಧನೂರಿನ ಕೆಲವರಿಗೆ 2024ರಲ್ಲಿ ಪೌರತ್ವ ದೊರೆಯಿತು.

5. ವಿಳಂಬಕ್ಕೆ ಕಾರಣಗಳು

(1) ಕಾಲಮಿತಿಯ ಅಭಾವ: ಜಾತಿ, ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳಿಗೆ 2011ರ ನಾಗರಿಕ ಸೇವಾ ಖಾತರಿ ಅಧಿನಿಯಮದನ್ವಯ, ಅಂದರೆ ಸಕಾಲದಡಿ, ದಿನಗಳ ಲೆಕ್ಕದಲ್ಲಿ ಗಡುವು ನಿಗದಿಯಾಗಿದೆ. ಮಾರ್ಚ್ 2012ರಲ್ಲಿ ಈ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಚಿತ್ರದುರ್ಗವೂ ಒಂದು. ತಡವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಲು ಅದರಲ್ಲಿ ಅವಕಾಶವಿದೆ. ಆಶ್ರಯ, ವೀಸಾ ಹಾಗೂ ಪೌರತ್ವದ ವಿಷಯಗಳು ಕೇಂದ್ರ ಸರ್ಕಾರಕ್ಕೆ ಸೇರಿದವಾದ್ದರಿಂದ ಸಕಾಲದ ವ್ಯಾಪ್ತಿಗೆ ಬರುವುದಿಲ್ಲ.

(2) ದಾಖಲೆಗಳ ಕೊರತೆ: ಜೀವಭಯದಿಂದ ಓಡಿಬಂದವರ ಬಳಿ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಇರುವುದು ಅಪರೂಪ. ಯಾವ ಸರ್ಕಾರದ ಭಯದಿಂದ ಬಂದರೋ ಅದೇ ಸರ್ಕಾರವನ್ನು ಕೇಳಿ ದಾಖಲೆ ದೃಢೀಕರಿಸುವುದು ಅಪಾಯಕರ. ಹಾಗಾಗಿ ಅಧಿಕಾರಿಗಳು ಅರ್ಜಿದಾರರ ಹೇಳಿಕೆ, ಭಾಷೆ, ಊರಿನ ವಿವರ ಹಾಗೂ ಆ ದೇಶದ ಸ್ಥಿತಿಗತಿಗಳ ವರದಿಗಳನ್ನು ಹೋಲಿಸಿ ನೋಡಬೇಕಾಗುತ್ತದೆ.

(3) ಭಾಷಾಂತರ: ಸಂದರ್ಶನವು ಅರ್ಜಿದಾರರ ಭಾಷೆಯಲ್ಲೇ ನಡೆಯಬೇಕು. ವಿರಳ ಭಾಷೆಗಳಿಗೆ ದುಭಾಷಿಗಳು ಸಿಗದಿದ್ದಲ್ಲಿ ಸಂದರ್ಶನದ ದಿನಾಂಕವೇ ಮುಂದಕ್ಕೆ ಹೋಗುತ್ತದೆ. ಒಂದು ಪದದ ತಪ್ಪು ಅನುವಾದದಿಂದ ಹೇಳಿಕೆಯಲ್ಲಿ ವಿರೋಧ ಕಂಡುಬಂದು ಮರುಸಂದರ್ಶನ ಅಗತ್ಯವಾಗುವುದೂ ಉಂಟು.

(4) ಹಲವು ಹಂತಗಳ ಪರಿಶೀಲನೆ: ಕಡತವು ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಕೇಂದ್ರಕ್ಕೆ, ಅಲ್ಲಿಂದ ಭದ್ರತಾ ಸಂಸ್ಥೆಗಳಿಗೆ ಸಾಗುತ್ತದೆ. ಒಂದು ಕಚೇರಿಯ ಸಣ್ಣ ಆಕ್ಷೇಪಣೆಯೂ ಕಡತವನ್ನು ಮೊದಲ ಮೇಜಿಗೆ ಮರಳಿಸುತ್ತದೆ.

(5) ಅರ್ಜಿಗಳ ಸಂಖ್ಯೆ ಮತ್ತು ಸಿಬ್ಬಂದಿಯ ಅನುಪಾತ: 2024ರ ಅಂತ್ಯಕ್ಕೆ ಪ್ರಪಂಚದಲ್ಲಿ ಬಲವಂತವಾಗಿ ಸ್ಥಳಾಂತರಗೊಂಡವರ ಸಂಖ್ಯೆ 12.3 ಕೋಟಿಯನ್ನು ಮೀರಿತ್ತು. ಅವರ ಪೈಕಿ ಸುಮಾರು 84 ಲಕ್ಷ ಜನರು ಆಶ್ರಯದ ನಿರ್ಣಯಕ್ಕಾಗಿ ಕಾಯುತ್ತಿದ್ದರು. ಬ್ರಿಟನ್ನಿನಲ್ಲಿ 2023ರ ಜೂನ್ ಅಂತ್ಯಕ್ಕೆ ಮೊದಲ ನಿರ್ಣಯಕ್ಕಾಗಿಯೇ 1.75 ಲಕ್ಷ ಜನ ಕಾದಿದ್ದರು. ಅಮೆರಿಕದ ವಲಸೆ ನ್ಯಾಯಾಲಯಗಳಲ್ಲಿ 2024ರಲ್ಲಿ ಬಾಕಿ ಪ್ರಕರಣಗಳು 30 ಲಕ್ಷವನ್ನು ಮೀರಿದ್ದವು. ಅಂದರೆ ವಿಳಂಬವು ಸಂಪನ್ನ ದೇಶಗಳನ್ನೂ ಬಿಟ್ಟಿಲ್ಲ.

(6) ಸರದಿಯ ಕ್ರಮ: ಅಮೆರಿಕದ ಆಶ್ರಯ ಕಚೇರಿಗಳು ಜನವರಿ 2018ರಲ್ಲಿ ಹೊಸ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಳ್ಳುವ ಕ್ರಮಕ್ಕೆ ಮರಳಿದವು. ಸುಳ್ಳು ಅರ್ಜಿಗಳನ್ನು ನಿರುತ್ತೇಜಿಸುವುದು ಅದರ ಉದ್ದೇಶವಾಗಿತ್ತು. ಆದರೆ ಮೊದಲೇ ಕಾದಿದ್ದವರು ಇನ್ನಷ್ಟು ಹಿಂದಕ್ಕೆ ಸರಿದರು.

(7) ನೀತಿಯ ಅನಿಶ್ಚಿತತೆ: ನಿರ್ಣಯವನ್ನು ಮುಂದೂಡುವುದೂ ಕೆಲವೊಮ್ಮೆ ಒಂದು ನಿರ್ಣಯವೇ. ತವರಿನಲ್ಲಿ ಶಾಂತಿ ಮರಳಬಹುದು, ಬಂದವರು ಹಿಂದಿರುಗಬಹುದು ಎಂಬ ನಿರೀಕ್ಷೆಯಿಂದ ಸರ್ಕಾರಗಳು ತಾತ್ಕಾಲಿಕ ಅನುಮತಿಯನ್ನೇ ನವೀಕರಿಸುತ್ತ ಬರುತ್ತವೆ.

ಎಲ್ಲ ವಿಳಂಬವೂ ಅನಗತ್ಯವಲ್ಲ ಎಂಬುದನ್ನು ಗಮನಿಸತಕ್ಕದ್ದು. ಅವಸರದ ನಿರಾಕರಣೆಯಿಂದ ವ್ಯಕ್ತಿಯು ಅಪಾಯಕ್ಕೆ ಮರಳಿ ಹೋಗಬೇಕಾದೀತು. ಪರಿಶೀಲನೆಗೆ ಬೇಕಾದ ಸಮಯ ಬೇರೆ, ಯಾರ ಗಮನಕ್ಕೂ ಬಾರದೆ ಕಡತ ಬಿದ್ದಿರುವ ಸಮಯ ಬೇರೆ.

6. ಕಾಯುವಿಕೆಯ ಪರಿಣಾಮಗಳು

ಮನಸ್ಸಿನ ಆರೋಗ್ಯ: ನೆದರ್ಲೆಂಡ್ಸ್‌ನಲ್ಲಿ ಇರಾಕಿನ ಆಶ್ರಯಾಕಾಂಕ್ಷಿಗಳ ಕುರಿತು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು ಬಂದು ಆರು ತಿಂಗಳೊಳಗಿನವರನ್ನೂ ಎರಡು ವರ್ಷಕ್ಕೂ ಮೇಲ್ಪಟ್ಟು ಕಾದವರನ್ನೂ ಹೋಲಿಸಿತು. ಮೊದಲ ಗುಂಪಿನಲ್ಲಿ ಶೇ. 42ರಷ್ಟು, ಎರಡನೆಯದರಲ್ಲಿ ಶೇ. 66ರಷ್ಟು ಜನರಲ್ಲಿ ಮಾನಸಿಕ ಅಸ್ವಸ್ಥತೆ ಕಂಡುಬಂದಿತು. ತವರಿನ ಹಿಂಸೆಯ ನೆನಪಿನಷ್ಟೇ ಕಾಯುವಿಕೆಯೂ ಮನುಷ್ಯನನ್ನು ಕುಗ್ಗಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಜೀವನೋಪಾಯ: ಸ್ವಿಟ್ಜರ್‌ಲೆಂಡಿನ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ನಿರ್ಣಯಕ್ಕಾಗಿ ಕಾದ ಹೆಚ್ಚುವರಿ ಒಂದೊಂದು ವರ್ಷವೂ ಮುಂದೆ ಉದ್ಯೋಗ ಪಡೆಯುವವರ ಪ್ರಮಾಣವನ್ನು ಶೇಕಡಾ 4ರಿಂದ 5 ಅಂಶಗಳಷ್ಟು ತಗ್ಗಿಸಿತು. ಕೈಕೆಲಸ ಮರೆಯುತ್ತದೆ, ಉತ್ಸಾಹ ಕುಂದುತ್ತದೆ. ಅನುಮತಿಪತ್ರವಿಲ್ಲದವರು ಕಡಿಮೆ ಕೂಲಿಗೆ, ಲೆಕ್ಕಕ್ಕೆ ಸಿಗದ ಕೆಲಸಗಳಿಗೆ ಹೋಗುತ್ತಾರೆ. ಕೂಲಿ ಕೊಡದೆ ವಂಚಿಸಿದರೂ ದೂರು ನೀಡಲು ಅಂಜುತ್ತಾರೆ.

ದೈನಂದಿನ ವ್ಯವಹಾರ: ಬ್ಯಾಂಕ್ ಖಾತೆ, ಮೊಬೈಲ್ ಸಂಪರ್ಕ, ಬಾಡಿಗೆ ಮನೆ ಇವೆಲ್ಲಕ್ಕೂ ಗುರುತಿನ ದಾಖಲೆ ಬೇಕು. ದೀರ್ಘಾವಧಿ ವೀಸಾ ಇಲ್ಲದವರಿಗೆ ಇವು ಒಂದೊಂದೂ ತಡೆಯಾಗುತ್ತವೆ.

ಕುಟುಂಬ ಮತ್ತು ಮಕ್ಕಳು: ನಿರ್ಣಯವಾಗುವವರೆಗೆ ತವರಿನಲ್ಲಿ ಉಳಿದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ತಂದೆತಾಯಿ ಸತ್ತರೂ ಹೋಗಿ ಮಣ್ಣು ಹಾಕಿ ಬರುವಂತಿಲ್ಲ. ಇಲ್ಲೇ ಹುಟ್ಟಿ ಇಲ್ಲಿನ ಶಾಲೆಯಲ್ಲಿ ಓದಿದ ಮಗುವು ಹತ್ತನೆಯ ತರಗತಿಯ ನಂತರ, ವಿದ್ಯಾರ್ಥಿವೇತನ ಅಥವಾ ಪ್ರವೇಶ ಪರೀಕ್ಷೆಯ ಅರ್ಜಿ ತುಂಬುವಾಗ, ತಾನು ಯಾವ ದೇಶದ ಪ್ರಜೆ ಎಂಬ ಅಂಕಣದ ಮುಂದೆ ಮೊದಲ ಬಾರಿಗೆ ನಿಲ್ಲುತ್ತದೆ.

ಸಮಾಜ: ತಮ್ಮೂರಲ್ಲಿ ಇರುವವರು ಉಳಿಯುವವರೋ ಹೋಗುವವರೋ ತಿಳಿಯದಿದ್ದಾಗ ನೆರೆಹೊರೆಯವರಲ್ಲಿಯೂ ಅನುಮಾನ ಬೆಳೆಯುತ್ತದೆ. ಶೀಘ್ರ ನಿರ್ಣಯವು ಅರ್ಜಿದಾರರಿಗೆಷ್ಟು ಹಿತವೋ ಊರಿಗೂ ಅಷ್ಟೇ ಹಿತ.

7. ನ್ಯಾಯಾಲಯಗಳ ತೀರ್ಮಾನಗಳು

ಸಂವಿಧಾನದ 14ನೆಯ ಹಾಗೂ 21ನೆಯ ಅನುಚ್ಛೇದಗಳು ನಾಗರಿಕರಿಗೆ ಮಾತ್ರವಲ್ಲದೆ ಭಾರತದಲ್ಲಿರುವ ಪ್ರತಿ ವ್ಯಕ್ತಿಗೂ ಅನ್ವಯಿಸುತ್ತವೆ.

1996ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ನೀಡಿದ ತೀರ್ಪು ವಿಳಂಬದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. 1964ರಿಂದ ಅಲ್ಲಿ ನೆಲೆಸಿದ್ದ ಚಕ್ಮಾ ಜನರು ಸಲ್ಲಿಸಿದ್ದ ಪೌರತ್ವದ ಅರ್ಜಿಗಳನ್ನು ಸ್ಥಳೀಯ ಅಧಿಕಾರಿಗಳು ಕೇಂದ್ರಕ್ಕೆ ರವಾನಿಸದೆ ಉಳಿಸಿಕೊಂಡಿದ್ದರು. ಅರ್ಜಿಯನ್ನು ರವಾನಿಸುವುದು ಅಧಿಕಾರಿಯ ಕರ್ತವ್ಯವೆಂದೂ, ಅದನ್ನು ತಡೆಹಿಡಿಯುವ ಮೂಲಕ ಅರ್ಜಿದಾರರ ಹಕ್ಕನ್ನು ಇಲ್ಲವಾಗಿಸುವಂತಿಲ್ಲವೆಂದೂ, ಅರ್ಜಿ ಬಾಕಿಯಿರುವವರೆಗೆ ಅವರನ್ನು ಒಕ್ಕಲೆಬ್ಬಿಸಕೂಡದೆಂದೂ ನ್ಯಾಯಾಲಯ ಆದೇಶಿಸಿತು. ಆದರೂ ವಿಷಯ ಬಗೆಹರಿಯದೆ, 2015ರ ಸೆಪ್ಟೆಂಬರ್‌ನಲ್ಲಿ ಮೂರು ತಿಂಗಳೊಳಗೆ ಪೌರತ್ವ ಪ್ರಕ್ರಿಯೆ ಪೂರ್ಣಗೊಳಿಸಲು ಮತ್ತೊಮ್ಮೆ ನಿರ್ದೇಶಿಸಬೇಕಾಯಿತು.

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಜನಿಸಿದ ಟಿಬೆಟನ್ನರು ಜನ್ಮದಿಂದಲೇ ಭಾರತೀಯ ನಾಗರಿಕರೆಂದು ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿಯೂ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿಯೂ ತೀರ್ಪಿತ್ತವು. ಅಂತಹವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗವು 2014ರಲ್ಲಿ ಸೂಚಿಸಿತು.

8. ಕಾಯುವ ಅವಧಿಯಲ್ಲಿ ಅರ್ಜಿದಾರರು ಅನುಸರಿಸತಕ್ಕ ಕ್ರಮಗಳು

(1) ಸಲ್ಲಿಸಿದ ಪ್ರತಿಯೊಂದು ಅರ್ಜಿಯ ನಕಲು ಮತ್ತು ಸ್ವೀಕೃತಿಯನ್ನು ದಿನಾಂಕದೊಂದಿಗೆ ಕಾಯ್ದಿರಿಸಿಕೊಳ್ಳತಕ್ಕದ್ದು.

(2) ನೋಂದಣಿ ಪತ್ರ ಅಥವಾ ಗುರುತಿನ ಚೀಟಿಯ ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

(3) ವಿಳಾಸ ಬದಲಾದಲ್ಲಿ ಕೂಡಲೇ ತಿಳಿಸತಕ್ಕದ್ದು. ಸಂದರ್ಶನದ ಸೂಚನೆ ಹಳೆಯ ವಿಳಾಸಕ್ಕೆ ಹೋಗಿ, ಗೈರುಹಾಜರಿಯ ಕಾರಣದಿಂದ ಕಡತ ಮುಕ್ತಾಯಗೊಳ್ಳುವ ಸಂಭವವಿರುತ್ತದೆ.

(4) ಸಂದರ್ಶನದಲ್ಲಿ ದುಭಾಷಿಯ ಮಾತು ಅರ್ಥವಾಗದಿದ್ದಲ್ಲಿ ಆಗಲೇ ತಿಳಿಸತಕ್ಕದ್ದು. ನೆನಪಿಲ್ಲದ ದಿನಾಂಕವನ್ನು ಊಹಿಸಿ ಹೇಳುವುದಕ್ಕಿಂತ ನೆನಪಿಲ್ಲವೆನ್ನುವುದು ಲೇಸು.

(5) ವಿಶ್ವಸಂಸ್ಥೆಯ ಕಚೇರಿಯ ಸೇವೆಗಳು ಸಂಪೂರ್ಣ ಉಚಿತ. ಹಣ ಪಡೆದು ಬೇಗ ಮಾಡಿಸಿಕೊಡುತ್ತೇವೆನ್ನುವ ಮಧ್ಯವರ್ತಿಗಳನ್ನು ನಂಬಬಾರದು.

(6) ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೆಯ ಪ್ರಕರಣದನ್ವಯ ಮಹಿಳೆಯರು, ಮಕ್ಕಳು ಹಾಗೂ ಬಂಧನದಲ್ಲಿರುವವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ಆಯಾ ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.

(7) ನಿದ್ರಾಹೀನತೆ, ದುಃಸ್ವಪ್ನ, ಬದುಕಿನ ಬಗ್ಗೆ ಜಿಗುಪ್ಸೆ ಕಂಡುಬಂದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಸಲಹೆ ದೊರೆಯುತ್ತದೆ.

9. ಸಾರ್ವಜನಿಕರ ಗಮನಕ್ಕೆ

ವಸತಿಗೃಹ, ಹೋಂಸ್ಟೇ ಮುಂತಾದೆಡೆ ವಿದೇಶಿಯರಿಗೆ ತಂಗಲು ಸ್ಥಳ ನೀಡುವವರು ನಿಗದಿತ ನಮೂನೆಯಲ್ಲಿ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸತಕ್ಕದ್ದು. ವಿದ್ಯಾಸಂಸ್ಥೆಗಳಿಗೂ ಆಸ್ಪತ್ರೆಗಳಿಗೂ 2025ರ ಅಧಿನಿಯಮದಡಿ ಮಾಹಿತಿ ನೀಡುವ ಹೊಣೆಯಿದೆ. ಮಾಹಿತಿ ನೀಡುವುದು ಕಾನೂನಿನ ಕರ್ತವ್ಯವೇ ಹೊರತು ಆ ವ್ಯಕ್ತಿಯ ವಿರುದ್ಧದ ದೂರಲ್ಲ. ಶಿಕ್ಷಣ ಹಕ್ಕು ಅಧಿನಿಯಮ, 2009 6ರಿಂದ 14 ವರ್ಷದ ಪ್ರತಿ ಮಗುವಿನ ಬಗ್ಗೆ ಮಾತನಾಡುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಶಾಲಾ ಪ್ರವೇಶ ನಿರಾಕರಿಸುವಂತಿಲ್ಲ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿರಾಶ್ರಿತರೆಂದು ಅಂಗೀಕರಿಸಿದರೆ ಪೌರತ್ವ ದೊರೆಯುವುದೇ?
ಉತ್ತರ: ಇಲ್ಲ. ಪೌರತ್ವಕ್ಕೆ ಪೌರತ್ವ ಅಧಿನಿಯಮ, 1955ರಡಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.

ಪ್ರಶ್ನೆ: 2019ರ ತಿದ್ದುಪಡಿ ಯಾರಿಗೆ ಅನ್ವಯಿಸುತ್ತದೆ?
ಉತ್ತರ: ಅಫ್ಘಾನಿಸ್ತಾನ, ಬಾಂಗ್ಲಾದೇಶ ಮತ್ತು ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರಂದು ಅಥವಾ ಅದಕ್ಕೆ ಮುನ್ನ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರಿಗೆ. ಟಿಬೆಟ್ ಮತ್ತು ಶ್ರೀಲಂಕಾದಿಂದ ಬಂದವರಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಅರ್ಜಿಯ ಸ್ಥಿತಿ ತಿಳಿಯಲು ಮಾಹಿತಿ ಹಕ್ಕಿನಡಿ ಕೇಳಬಹುದೇ?
ಉತ್ತರ: 2005ರ ಮಾಹಿತಿ ಹಕ್ಕು ಅಧಿನಿಯಮದ ಹಕ್ಕು ನಾಗರಿಕರಿಗೆ ಮಾತ್ರ. ಇತರರು ಅರ್ಜಿ ಸಲ್ಲಿಸಿದ ಕಚೇರಿಯಲ್ಲೇ ಲಿಖಿತವಾಗಿ ವಿಚಾರಿಸಬಹುದು. ಅನುಚಿತ ವಿಳಂಬವಾದಲ್ಲಿ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ವಿದೇಶಕ್ಕೆ ಹೋಗಿ ಆಶ್ರಯ ಕೋರಿದರೆ ಕೆಲಸ ಸಿಗುತ್ತದೆ ಎಂದು ಏಜೆಂಟರು ಹೇಳುತ್ತಾರೆ. ನಿಜವೇ?
ಉತ್ತರ: ಆಶ್ರಯವು ಉದ್ಯೋಗದ ಮಾರ್ಗವಲ್ಲ. ಕಿರುಕುಳದ ಭೀತಿಯನ್ನು ಸಿದ್ಧಪಡಿಸಬೇಕು. ವರ್ಷಗಟ್ಟಲೆ ಕಾದ ನಂತರ ಅರ್ಜಿ ತಿರಸ್ಕೃತವಾದಲ್ಲಿ ಗಡೀಪಾರು ಆಗುವ ಸಂಭವವಿದೆ. ಹೊಲ ಮನೆ ಅಡವಿಟ್ಟು ಇಂತಹ ಮಾತಿಗೆ ಮರುಳಾಗಬಾರದಾಗಿ ಕೋರಲಾಗಿದೆ.

ಸೂಚನೆ: ಈ ಪುಟದ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು ಕಾನೂನು ಸಲಹೆಯಾಗಿರುವುದಿಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ಸಂಬಂಧಪಟ್ಟ ಅಧಿಕಾರಿಗಳನ್ನು ಅಥವಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಲು ಕೋರಲಾಗಿದೆ.